ಕಾಡಿನ ನೀರಿಗೆ ಎಂಥ ಪರೀಕ್ಷೆ ಅನ್ನುವವರಿಗೆ

"ಕಾಡಲ್ಲಿರೋರಿಗೆ ಒಳ್ಳೆ ಗಾಳಿ, ಒಳ್ಳೆ ನೀರು. ಅಲ್ಲೇನು ಪರಿಸರ ಆರೋಗ್ಯ ಅಂತ ಪಿಎಚ್‌ಡಿ ಮಾಡ್ತೀಯ?" ಮೈಸೂರಿನ ಯಾವ ಮದುವೆಮನೆಗೆ ಹೋದರೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ.

ಎಚ್.ಡಿ. ಕೋಟೆ, ಹುಣಸೂರು ಕಡೆಯ ಎಷ್ಟೋ ಹಾಡಿಗಳು, ಅಂದರೆ ಬುಡಕಟ್ಟಿನವರ ಊರುಗಳು, ಈಗ ಕಾಡಿನೊಳಗಿಲ್ಲ. ಕಬಿನಿ ಅಣೆಕಟ್ಟು, ನಾಗರಹೊಳೆ ಉದ್ಯಾನ ಆದಮೇಲೆ ಜೇನುಕುರುಬರು, ಬೆಟ್ಟಕುರುಬರು ಅಂಚಿಗೆ ಬಂದರು. ಅಲ್ಲಿ ಹಲವರು ಕುಡಿಯುವುದು ಬೋರ್‌ವೆಲ್ ನೀರು. ಬೋರ್‌ವೆಲ್ಲಿಗೆ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಬರುವುದು ನೆಲದಡಿಯ ಕಲ್ಲಿನಿಂದ. ಮೇಲೆ ಎಷ್ಟು ಮರ ಇದ್ದರೂ ಅದು ತಪ್ಪುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

"ಅವರಿಗೆ ಒಗ್ಗಿರುತ್ತೆ ಬಿಡು" ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ. ಫ್ಲೋರೈಡಿಗೆ ಯಾರ ಮೂಳೆಯೂ ಒಗ್ಗುವುದಿಲ್ಲ. ಒಲೆ ಹೊಗೆಗೆ ಯಾರ ಶ್ವಾಸಕೋಶವೂ ಒಗ್ಗುವುದಿಲ್ಲ. ಗಾಳಿ ಅಳೆಯುವ ಯಂತ್ರವನ್ನು ಅಂಗಳದಲ್ಲಿಟ್ಟು ಏನು ಪ್ರಯೋಜನ? ಒಲೆಯಿಂದ ಸುಮಾರು 1 ಮೀಟರ್ ದೂರದಲ್ಲಿ, ಅಡುಗೆ ಮಾಡುವವರ ಮೂಗಿನ ಮಟ್ಟದಲ್ಲಿಡಬೇಕು. ಮಳೆಗಾಲದಲ್ಲಿ ಮತ್ತೊಮ್ಮೆ ಅಳೆಯಬೇಕು, ಹಸಿ ಸೌದೆಯ ಹೊಗೆ ಹೆಚ್ಚು.

ಕೇಳುವುದಾದರೆ "ನೀರಿನ ಮಾದರಿ ಎಲ್ಲಿಂದ ತೆಗೆದೆ?" ಅಂತ ಕೇಳಿ. ಇಡೀ ವಿಷಯ ಇರುವುದೇ ಅಲ್ಲಿ. ಒಂದನ್ನು ನಲ್ಲಿಯಿಂದ, ಇನ್ನೊಂದನ್ನು ಮನೆಯ ಕೊಡದಿಂದ ತೆಗೆಯಬೇಕು. ನಲ್ಲಿಯ ಬಾಯಿ ಒರೆಸಿ, ಬೆಂಕಿ ತೋರಿಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಸ್ಟೆರಿಲೈಸ್ ಮಾಡಿದ ಬಾಟಲಿಗೆ ಹಿಡಿಯಬೇಕು. ಬಾಟಲಿಯಲ್ಲಿ ಮೊದಲೇ ಕ್ಲೋರಿನ್ನಿನ ಶಕ್ತಿ ಕಳೆಯುವ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ನೀರಿನ ಕ್ಲೋರಿನ್ ದಾರಿಯುದ್ದಕ್ಕೂ ರೋಗಾಣು ಕೊಲ್ಲುತ್ತಾ ಬರುತ್ತದೆ, ಕೊಳಕು ನೀರೂ ಮೈಸೂರಿನ ಲ್ಯಾಬಿನಲ್ಲಿ ಶುದ್ಧವಾಗಿಬಿಡುತ್ತದೆ. ಐಸ್ ಬಾಕ್ಸಿನಲ್ಲಿಟ್ಟು ಅದೇ ದಿನ ತಲುಪಿಸಬೇಕು. ಕೊಡದ ನೀರನ್ನು ಮಾತ್ರ ಆ ಮನೆಯವರು ಮೊಗೆಯುವ ಚೊಂಬಿನಿಂದಲೇ, ಏನೂ ತೊಳೆಯದೆ ತೆಗೆಯಬೇಕು.

100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಇರಕೂಡದು. ನಲ್ಲಿಯಲ್ಲಿ ಇಲ್ಲದ್ದು ಕೊಡದಲ್ಲಿ ಸಿಕ್ಕರೆ ಹೆಂಗಸರ ಶುಚಿತ್ವದ ಬಗ್ಗೆ ಭಾಷಣ ಬೇಡ. ದಿನವಿಡೀ ನೀರು ಬಾರದ ಕಡೆ ಹಿಡಿದಿಡದೆ ಬೇರೆ ದಾರಿಯಿಲ್ಲ. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಿ, ಅದೂ ನಲ್ಲಿಯ ಪಕ್ಕದಲ್ಲೇ ನಿಂತು. ಇಲ್ಲದಿದ್ದರೆ ನೀರಿಗೆ ಕ್ಲೋರಿನ್ ಕೊಡುವ ಬ್ಲೀಚಿಂಗ್ ಪೌಡರ್ ಚೀಲ ನೋಡಿ. ಬಿಸಿಲು ಬೀಳುವ ಪಂಪ್‌ಹೌಸಿನಲ್ಲಿ ಬಾಯಿ ತೆರೆದಿಟ್ಟ ಪುಡಿ ಸತ್ವ ಕಳೆದುಕೊಂಡಿರುತ್ತದೆ. ನೀರುಗಂಟಿ ಹಾಕಿದ ತೂಕ ಸರಿಯೇ ಇರುತ್ತದೆ, ತಪ್ಪು ಅವನದಲ್ಲ.