ಬಾಲ ಬಂತು ಅಕ್ಕಾ!

ಮಂಗಳವಾರ ಸಂಜೆಯಿಂದ ನಮ್ಮ ಲ್ಯಾಬಿನ ಹುಡುಗಿಯ ಆ ಕೂಗು ಕಿವಿ ಬಿಟ್ಟು ಹೋಗುತ್ತಿಲ್ಲ. "ಅಕ್ಕಾ, ಬಾಲ ಬಂತು! ಬೇಗ ಬನ್ನಿ!"

ಪಿಪೆಟ್ ಅಲ್ಲೇ ಬಿಟ್ಟು ಕತ್ತಲೆ ಕೋಣೆಗೆ ಓಡಿದೆ. ಲೆನ್ಸಿನಲ್ಲಿ ನಿಜಕ್ಕೂ ಹಸಿರು ಧೂಮಕೇತುಗಳು, ಸಾಲುಸಾಲು. ಕಾಮೆಟ್ ಟೆಸ್ಟ್ ಅನ್ನೋದು ಇದಕ್ಕೇ. ಡಿಎನ್ಎ ತುಂಡಾಗುತ್ತದಾ ಅಂತ ನೋಡೋಕೆ ಲಿವರ್ ಕೋಶಗಳಿಗೆ ಪಿಎಫ್ಒಎ ಅನ್ನೋ ರಾಸಾಯನಿಕ ಹಾಕುತ್ತೇವೆ. ನಾನ್‌ಸ್ಟಿಕ್ ಲೇಪ ತಯಾರಿಸೋಕೆ ದಶಕಗಟ್ಟಲೆ ಬಳಸಿದ್ದು ಇದೇ. ರಕ್ತಕ್ಕೆ ಸೇರಿದರೆ ಅರ್ಧ ಹೊರಗೆ ಹೋಗೋಕೇ ಎರಡು ಮೂರು ವರ್ಷ ಬೇಕು. ಆಮೇಲೆ ಕೋಶಗಳನ್ನು ಜೆಲ್‌ನಲ್ಲಿ ಕೂರಿಸಿ, ಒಡೆದು, ಕರೆಂಟ್ ಹರಿಸಬೇಕು. ಡಿಎನ್ಎ ನೆಟ್ಟಗಿದ್ದರೆ ಕುಂಕುಮದ ಬೊಟ್ಟಿನ ಹಾಗೆ ದುಂಡಗಿರುತ್ತದೆ. ತುಂಡಾಗಿದ್ದರೆ ಚೂರುಗಳು ಒಂದೇ ಕಡೆಗೆ ಎಳೆದುಕೊಂಡು ಹೋಗಿ ಬಾಲ ಮೂಡುತ್ತದೆ.

ಸ್ಲೈಡ್ ಮೇಲೆ ಬರೀ ನಂಬರ್. ಯಾವುದು ಏನೆಂದು ಎಣಿಸುವವರಿಗೆ ಗೊತ್ತಿರಬಾರದು. ಎಣಿಸಿ ಮುಗಿಸಿ ಚೀಟಿ ಬಿಚ್ಚಿದರೆ, ಬಾಲದ ಸ್ಲೈಡ್ ಹೈಡ್ರೋಜನ್ ಪೆರಾಕ್ಸೈಡ್‌ನದ್ದು! ಟೆಸ್ಟ್ ಸರಿಯಿದೆಯಾ ಅಂತ ನೋಡೋಕೆ ನಾವೇ ಬೇಕಂತ ಹಾಳುಮಾಡಿದ ಕೋಶಗಳು. ಪಿಎಫ್ಒಎ ಸ್ಲೈಡ್‌ಗಳೆಲ್ಲ ದುಂಡಗೆ, ಏನೂ ಹಾಕದ ಸ್ಲೈಡ್‌ನ ಹಾಗೇ.

ಹುಡುಗಿ ಒಳ್ಳೆಯವಳು, ಆತುರ ಜಾಸ್ತಿ. ನಮ್ಮ ಗೈಡ್‌ಗೆ ಗ್ರಾಫ್ ಏರಬೇಕು, ಗೆರೆ ಚಪ್ಪಟೆಯಾದರೆ ಮುಖ ಸಪ್ಪೆ. ಆದರೆ ಅವರನ್ನು ಅಂದು ಏನು ಮಾಡಲಿ? ಓಡಿದ್ದು ನಾನೂ ಅಲ್ವಾ?

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಏನೂ ಆಗ್ಲಿಲ್ಲ ಅಂದ್ರೆ ಒಳ್ಳೇದೇ ತಾನೆ ಕಣೇ? ಅದಕ್ಯಾಕೆ ಅಳುಮುಖ?"

ಉತ್ತರ ತಡವರಿಸಿತು. ಒಳ್ಳೇದು ಅನ್ನೋಕೂ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರ ಕೊನೆಗೆ ಪಿಎಫ್ಒಎಯನ್ನು ಮೊದಲ ಗುಂಪಿಗೇ ಹಾಕಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು. ಅದಕ್ಕೆ ಆಧಾರ ಡಿಎನ್ಎ ತುಂಡಾಗೋದಲ್ಲ. ಪ್ರಾಣಿಗಳಲ್ಲಿ ಗೆಡ್ಡೆ, ಜನರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ್ದು, ಜೀನ್‌ಗಳನ್ನು ಆನ್ ಆಫ್ ಮಾಡುವ ಗುರುತುಗಳು ಬದಲಾಗಿದ್ದು. ಕಳ್ಳ ಬಾಗಿಲು ಮುರಿಯದೆ ಒಳಗೆ ಬಂದಿದ್ದಾನೆ, ನಾವು ಬಾಗಿಲನ್ನೇ ತಡವುತ್ತಾ ಕೂತಿದ್ದೇವೆ. ಬಾಲ ಬಂದಿದ್ದರೆ ಕತೆ ಸುಲಭವಾಗುತ್ತಿತ್ತು. ನನಗೆ ಬೇಕಿದ್ದದ್ದೂ ಆ ಸುಲಭವೇ ಇರಬೇಕು.

"ತವಾ ಬಿಸಾಕ್ಲಾ?" ಅಂದರು ಅಮ್ಮ. ತವಾದ ಲೇಪ ಬೇರೆ, ಈ ರಾಸಾಯನಿಕ ಬೇರೆ ಅಂತ ಶುರು ಮಾಡಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಫೋನ್ ಇಟ್ಟರು.

ಶುಕ್ರವಾರ ಮತ್ತೆ ಅದೇ ಪ್ರಯೋಗ. ಹುಡುಗಿ ಲೆನ್ಸಿಗೆ ಕಣ್ಣಿಟ್ಟು ಎರಡು ನಿಮಿಷ ಸುಮ್ಮನಿದ್ದಳು. "ದುಂಡಗೇ ಇವೆ ಅಕ್ಕಾ" ಅಂದಳು, ಯಾರೋ ಫೇಲಾದ ಸುದ್ದಿ ಹೇಳುವ ದನಿಯಲ್ಲಿ.

"ಎಷ್ಟು?" ಅಂದೆ. ಐವತ್ತು ಎಣಿಸಿದ್ದಳು. ಇನ್ನೂ ಐವತ್ತು ಎಣಿಸು ಅಂದು ಪೆನ್ ತೆಗೆದೆ.