ಸೆಂಟ್ ಹಾಕಿಕೊಂಡು ನಮಾಝ್ ಮಾಡಬಹುದಾ?

ಮದ್ಯ ಕುಡಿಯುವುದು ಹರಾಮ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆಂಟಿನ ಪ್ರಶ್ನೆ ಕುಡಿಯುವುದರದ್ದಲ್ಲ. ಸೆಂಟಿನಲ್ಲಿರುವ ಆಲ್ಕೋಹಾಲ್ ಬಟ್ಟೆಗೆ ತಾಗಿದರೆ ಬಟ್ಟೆ ನಜೀಸ್ (ನಮಾಝ್‌ಗೆ ಸಲ್ಲದಷ್ಟು ಅಶುದ್ಧ) ಆಗುತ್ತದಾ ಎಂಬುದು. ವಿಷ ಕುಡಿಯುವುದೂ ಹರಾಮ್, ಆದರೆ ಅದು ಕೈಗೆ ತಾಗಿದ ಮಾತ್ರಕ್ಕೆ ಕೈ ನಜೀಸ್ ಆಗುವುದಿಲ್ಲ, ಅಲ್ವಾ?

ನಾನು ಆಲಿಮ್ (ಧರ್ಮಪಂಡಿತ) ಅಲ್ಲ, ಕೆಮಿಸ್ಟ್ರಿ ಮೇಷ್ಟ್ರು. ಬಾಟಲಿಯ ಮೇಲೆ ಆಲ್ಕೋಹಾಲ್ ಎಂಬ ಹೆಸರು ಓದಿ ಹೆದರಿದ ಹುಡುಗರು ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ 90ನೇ ಆಯತ್ (ವಚನ) ಮದ್ಯವನ್ನೂ ಜೂಜನ್ನೂ ಒಟ್ಟಿಗೆ ಹೊಲಸು ಎನ್ನುತ್ತದೆ. ನಾಲ್ಕೂ ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ) ಬಹುಪಾಲು ವಿದ್ವಾಂಸರು ಇದರ ಆಧಾರದಲ್ಲಿ ಮದ್ಯ ನಜೀಸ್ ಎಂದರು. ಇಮಾಮ್ ಮಾಲಿಕರ ಗುರು ರಬೀಆ ಮತ್ತು ಇಮಾಮ್ ಶಾಫಿಈಯವರ ಶಿಷ್ಯ ಮುಝನಿಯಂಥ ಕೆಲವರು ಒಪ್ಪಲಿಲ್ಲ. ಈ ಪಕ್ಷದವರು ಹೇಳುವುದಿಷ್ಟು: ಜೂಜಿನ ಕಾಯಿ ಮುಟ್ಟಿದರೆ ಯಾರೂ ಕೈ ತೊಳೆಯುವುದಿಲ್ಲ. ಮೇಲಾಗಿ, ಮದ್ಯ ನಿಷೇಧವಾದಾಗ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಅದನ್ನು ಮದೀನಾದ ಬೀದಿಗಳಲ್ಲೇ ಸುರಿದರು, ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಅನಸ್ (ರ) ಅವರ ಹದೀಸ್ ಇದೆ. ಜನ ಓಡಾಡುವ ದಾರಿಗೆ ನಜೀಸ್ ಸುರಿಯುತ್ತಿದ್ದರಾ? ಸೌದಿಯ ವಿದ್ವಾಂಸ ಶೈಖ್ ಇಬ್ನ್ ಉಸೈಮೀನ್ ಕೂಡ ಮದ್ಯ ನಜೀಸ್ ಅಲ್ಲ ಎಂದವರು. ಆದರೂ ಆಲ್ಕೋಹಾಲ್ ಅಂಶ ಜಾಸ್ತಿ ಇದ್ದರೆ ಬಿಡುವುದೇ ಒಳ್ಳೆಯದು ಎಂದರು.

ಹನಫಿಗಳ ದಾರಿ ಬೇರೆ. ಇಮಾಮ್ ಅಬೂ ಹನೀಫಾ ಅವರ ಪ್ರಕಾರ ನಜೀಸ್ ಎನ್ನುವುದು ದ್ರಾಕ್ಷಿ, ಖರ್ಜೂರದಿಂದ ಬಂದ ಮದ್ಯಕ್ಕೆ. ಇಂದಿನ ಸೆಂಟಿನ ಆಲ್ಕೋಹಾಲ್ ಸಾಮಾನ್ಯವಾಗಿ ಅವೆರಡರಿಂದ ಬಂದದ್ದಲ್ಲ ಎಂದು ಪಾಕಿಸ್ತಾನದ ಹನಫಿ ವಿದ್ವಾಂಸ ಮುಫ್ತಿ ತಕಿ ಉಸ್ಮಾನಿ ಅವಕಾಶ ಕೊಟ್ಟಿದ್ದಾರೆ. ಇದು ನನ್ನ ವಿಷಯ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಕಾರ್ಖಾನೆಯ ಎಥನಾಲ್ ಹೆಚ್ಚಾಗಿ ಧಾನ್ಯ, ಕಬ್ಬು ಅಥವಾ ಪೆಟ್ರೋಲಿಯಂನ ಎಥಿಲೀನ್‌ನಿಂದ ಬರುತ್ತದೆ. ಯಾರೂ ಕುಡಿಯಬಾರದೆಂದು ಅದಕ್ಕೆ ಡೆನಟೋನಿಯಂನಂಥ ವಿಪರೀತ ಕಹಿ ವಸ್ತು ಬೆರೆಸುವುದುಂಟು. ಇನ್ನು ಕ್ರೀಮುಗಳಲ್ಲಿರುವ ಸೀಟೈಲ್ ಆಲ್ಕೋಹಾಲ್ ಬರೀ ಮೇಣದಂಥ ಗಟ್ಟಿ ವಸ್ತು. ಅದರಿಂದ ಮತ್ತೇರುವುದಿಲ್ಲ. ಸುಮ್ನೆ ಹೆದರಬೇಡಿ.

ನಾನು ಶಾಫಿಈ. ನಮ್ಮ ಮದ್‌ಹಬ್‌ನಲ್ಲಿ ಮತ್ತೇರಿಸುವ ದ್ರವವೆಲ್ಲ ನಜೀಸ್. ಸೆಂಟಿನಲ್ಲಿ ಅಗತ್ಯದಷ್ಟು ಬೆರೆಸಿದ್ದಕ್ಕೆ ರಿಯಾಯಿತಿ ಇದೆ ಎನ್ನುವವರಿದ್ದಾರೆ. ‘ಹೇಗೂ ಹಾರಿಹೋಯಿತಲ್ಲ’ ಎಂದು ಹುಡುಗರು ವಾದಿಸುತ್ತಾರೆ. ನಿಜ, ಎಥನಾಲ್ ಬೇಗ ಹಾರಿಹೋಗುತ್ತದೆ. ಆದರೆ ನಮ್ಮ ಫಿಕ್‌ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ನಜೀಸ್ ತಾಗಿದ ಜಾಗ ಒಣಗಿದರೆ ಸಾಲದು, ನೀರು ಹರಿಸಬೇಕು. ಕೆಮಿಸ್ಟ್ರಿ ಇಲ್ಲಿ ಉತ್ತರವಾಗುವುದಿಲ್ಲ. ಅದಕ್ಕೇ ನಾನು ಎಣ್ಣೆಯ ಅತ್ತರು ಹಚ್ಚುತ್ತೇನೆ. ನನ್ನ ಮಗ ತನ್ನ ಉಸ್ತಾದರನ್ನು ಕೇಳಿ ಸ್ಪ್ರೇ ಹಾಕುತ್ತಾನೆ. ನಾನು ತಡೆಯುವುದಿಲ್ಲ.

ಸಫ್‌ನಲ್ಲಿ (ನಮಾಝಿನ ಸಾಲಿನಲ್ಲಿ) ಪಕ್ಕ ನಿಂತವನಿಗೆ ‘ನಿನ್ನ ನಮಾಝ್ ಆಗಿಲ್ಲ’ ಎಂದು ಗದರುವುದು ಮಾತ್ರ ನನಗೆ ಸಹಿಸಲಾಗುವುದಿಲ್ಲ. ಜುಮಾಕ್ಕೆ (ಶುಕ್ರವಾರದ ನಮಾಝ್‌ಗೆ) ಸ್ನಾನ ಮಾಡಿ ಸುಗಂಧ ಹಚ್ಚಿ ಬರುವುದು ಸುನ್ನತ್, ಅಂದರೆ ಪ್ರವಾದಿಯವರ ಪದ್ಧತಿ. ಅದನ್ನು ಪಾಲಿಸಲು ಬಂದ ಹುಡುಗ ಬೈಸಿಕೊಂಡು ಹೋದರೆ ಮುಂದಿನ ವಾರ ಬರುತ್ತಾನಾ? ಇಷ್ಟು ದೊಡ್ಡ ಇಮಾಮರು ಭಿನ್ನವಾಗಿ ಹೇಳಿರುವಾಗ ನಾವು ತೀರ್ಪು ಕೊಡಲು ಯಾರು?

ಹಜ್, ಉಮ್ರಾಕ್ಕೆ ಹೊರಟವರು ಒಂದನ್ನು ಗಮನಿಸಿ. ಇಹ್ರಾಮ್ (ಯಾತ್ರೆಯ ವ್ರತ) ಕಟ್ಟಿದ ಮೇಲೆ ಆಲ್ಕೋಹಾಲ್ ಇಲ್ಲದ ಅತ್ತರನ್ನೂ ಹಚ್ಚುವಂತಿಲ್ಲ. ಸುವಾಸನೆ ಇಲ್ಲದ ಸೋಪನ್ನು ಮೊದಲೇ ಚೀಲಕ್ಕೆ ಹಾಕಿಕೊಳ್ಳಿ.