ಸೂರಿನಲ್ಲಿದ್ದ ಲೋಟ

ಸಮಾಜ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಕೋರ್ಟಿನಲ್ಲಿ ಒಂದು ಕೂಲಿ ಬಾಕಿ ಕೇಸಿನ ಕಾಗದ ಜೋಡಿಸುತ್ತಿದ್ದೆ. ಕೈ ಅಲ್ಲಿಗೇ ನಿಂತುಹೋಯಿತು. ಕೂಲಿಯವರ ಕೇಸು ಹಿಡಿಯುವ ವಕೀಲ ಅಂತ ಚಿಂತಾಮಣಿ ಸುತ್ತಮುತ್ತ ನನಗೆ ಇವತ್ತು ಒಂದು ಹೆಸರಿದ್ದರೆ, ಅದರ ಬೀಜ ಬಿದ್ದದ್ದು ನಮ್ಮ ಹೈಸ್ಕೂಲಿನ ಹೆಂಚಿನ ಕೋಣೆಯಲ್ಲಿ.

ನಾನು ಎಂಟನೇ ತರಗತಿಗೆ ಸೇರಿದ್ದು 2006ರಲ್ಲಿ. ಆಗಿನ್ನೂ ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಯಲ್ಲೇ ಇತ್ತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಆ ಮೂರು ವರ್ಷದ ಪಾಠಗಳಲ್ಲಿ ನೆನಪಿರುವುದು ತೀರಾ ಕಡಿಮೆ. ಆದರೆ ಶನಿವಾರದ ಕೊನೆಯ ಪೀರಿಯಡ್ ಮಾತ್ರ ಹಾಗೇ ಉಳಿದಿದೆ.

ಆ ವರ್ಷ ಮೇಷ್ಟ್ರು ಬೆಂಗಳೂರಿಗೆ ಒಂದು ತರಬೇತಿಗೆ ಹೋಗಿ ಬಂದಿದ್ದರು. ಮದುರೈನ ಪೀಪಲ್ಸ್ ವಾಚ್ ನಡೆಸಿದ ಮಾನವ ಹಕ್ಕು ಶಿಕ್ಷಣದ ತರಬೇತಿ. ಹೆನ್ರಿ ಟಿಫೇನ್ ಎಂಬ ವಕೀಲರು 1995ರಲ್ಲಿ ಕಟ್ಟಿದ ಸಂಸ್ಥೆ ಅದು. ಪೊಲೀಸರ ಹಿಂಸೆ, ಜಾತಿ ದೌರ್ಜನ್ಯಗಳನ್ನು ದಾಖಲಿಸಿ ನೊಂದವರ ಜೊತೆ ನಿಲ್ಲುವುದು ಅವರ ಕೆಲಸ. ಅನ್ಯಾಯ ನಡೆದ ಮೇಲೆ ಓಡುವುದಷ್ಟೇ ಸಾಲದು, ಮಕ್ಕಳಿಂದಲೇ ಶುರು ಮಾಡಬೇಕು ಅಂತ 1997ರಲ್ಲಿ ತಮಿಳುನಾಡಿನ ಕೆಲವೇ ಶಾಲೆಗಳಲ್ಲಿ ಹಕ್ಕುಗಳ ಪಾಠ ಆರಂಭಿಸಿದರು. ಅದು ಬೆಳೆಯುತ್ತಾ ಕರ್ನಾಟಕ, ಕೇರಳ, ಒಡಿಶಾ, ಪಶ್ಚಿಮ ಬಂಗಾಳಕ್ಕೆಲ್ಲ ಹೋಯಿತು. ಅದು ಬೆಳೆದ ರೀತಿ ನನಗೆ ಇವತ್ತಿಗೂ ಇಷ್ಟ. ಹೊರಗಿನವರು ಬಂದು ಭಾಷಣ ಮಾಡುವುದಲ್ಲ. ಆಯಾ ಶಾಲೆಯ ಮೇಷ್ಟ್ರಿಗೇ ತರಬೇತಿ, ಮಕ್ಕಳಿಗೆ ಅವರವರ ಭಾಷೆಯಲ್ಲೇ ಪುಸ್ತಕ. ಒಬ್ಬ ಮೇಷ್ಟ್ರು ಮನಸ್ಸು ಮಾಡಿದರೆ ಒಂದು ಊರು ಸೇರಿದ ಹಾಗೆ.

ನಮ್ಮ ಮೇಷ್ಟ್ರು ಮನಸ್ಸು ಮಾಡಿದರು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 30 ವಿಧಿಗಳನ್ನು ಗೋಡೆಗೆ ಅಂಟಿಸಿದರು. 'ಎಲ್ಲ ಪುರುಷರು' ಅಂತಿದ್ದದ್ದನ್ನು 'ಎಲ್ಲ ಮನುಷ್ಯರು' ಅಂತ ಮಾಡಿಸಿದ್ದು ನಮ್ಮ ದೇಶದ ಹಂಸಾ ಮೆಹ್ತಾ ಅಂತ ಹೇಳಿದಾಗ ಹುಡುಗಿಯರ ಸಾಲಿನಲ್ಲಿ ಚಪ್ಪಾಳೆ ಬಿತ್ತು.

ಆ ಗೋಡೆಯ ಐದನೇ ವಿಧಿಯೇ ನಮ್ಮ ತಂಟೆಗೆ ಕಾರಣ. ಗಣಿತದ ಮೇಷ್ಟ್ರ ಬೆತ್ತ ಅಂದರೆ ನಮಗೆಲ್ಲ ನಡುಕ. ಒಂದು ಸೋಮವಾರ ನಾವು ಮೂವರು ಪ್ರಾರ್ಥನೆಗೆ ಮುಂಚೆ ಬಂದು, ಸ್ಟಾಫ್ ರೂಮಿನಿಂದ ಬೆತ್ತ ಎತ್ತಿ ಹಿಂದಿನ ಹಾಳುಬಾವಿಗೆ ಎಸೆದೆವು. ಅದು ಇರುತ್ತಿದ್ದ ಜಾಗದಲ್ಲಿ ಒಂದು ಚೀಟಿ ಇಟ್ಟೆವು: 'ಯಾರನ್ನೂ ಕ್ರೂರವಾಗಿ ಶಿಕ್ಷಿಸಬಾರದು. ವಿಧಿ 5.' ಬರೆದದ್ದು ನಾನು. ಅಕ್ಷರ ಗುರುತು ಸಿಗದಿರಲಿ ಅಂತ ಎಡಗೈಯಲ್ಲಿ ಬರೆದಿದ್ದೆ.

ಸಮಾಜ ಮೇಷ್ಟ್ರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಬೈಯಲಿಲ್ಲ. ಬೇವಿನ ಮರದ ಕೆಳಗೆ ಕೂರಿಸಿಕೊಂಡು, "ಕೇಳಿದ್ದು ಸರಿ ಕಣ್ರೋ. ಹೆಸರು ಯಾಕೆ ಹಾಕಲಿಲ್ಲ?" ಅಂದರು. ನಮ್ಮ ಕೈಯಲ್ಲೇ ಒಂದು ಅರ್ಜಿ ಬರೆಸಿದರು. ಬೆತ್ತ ಎಸೆದದ್ದು ತಪ್ಪು, ಹೊಡೆಯುವುದೂ ತಪ್ಪು, ಎರಡೂ ಅದರಲ್ಲಿತ್ತು. ಮೂವರೂ ಸಹಿ ಹಾಕಿದೆವು. ಹೆಡ್ ಮೇಷ್ಟ್ರ ಕೋಣೆಗೆ ಅವರೇ ಜೊತೆಯಲ್ಲಿ ಬಂದರು. ಶಾಲೆಯಲ್ಲಿ ಹೊಡೆಯಬಾರದು ಅನ್ನುವ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ನಾವು ಅದಕ್ಕೂ ಮೊದಲೇ ಬರವಣಿಗೆಯಲ್ಲಿ ಕೇಳಿದ್ದೆವು. ಗಣಿತದ ಮೇಷ್ಟ್ರು ಅರ್ಜಿಯನ್ನು ಎರಡು ಸಲ ಓದಿದರು. ಹೊಸ ಬೆತ್ತ ತರಲಿಲ್ಲ.

ಆ 2006ರಲ್ಲೇ ಕಂಬಾಲಪಲ್ಲಿ ಕೇಸಿನ ತೀರ್ಪು ಬಂತು. ಕಂಬಾಲಪಲ್ಲಿ ನಮ್ಮದೇ ತಾಲ್ಲೂಕು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದಿದ್ದರು. ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತೀರ್ಪು ಬಂದ ವಾರ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಖಾಲಿ ಬೋರ್ಡನ್ನೇ ತುಂಬಾ ಹೊತ್ತು ಒರೆಸುತ್ತಿದ್ದರು. ಆಮೇಲೆ ಒಂದೊಂದು ಹಾಳೆ ಹಂಚಿದರು. ಹೆಸರು ಬರೆಯುವ ಹಾಗಿಲ್ಲ. ಕೊನೆಯ ಪ್ರಶ್ನೆ: 'ಕೂಲಿಗೆ ಬಂದವರಿಗೆ ನಿಮ್ಮ ಮನೆಯಲ್ಲಿ, ಅಥವಾ ನೀವು ಕೂಲಿಗೆ ಹೋದ ಮನೆಯಲ್ಲಿ, ನೀರು ಯಾವುದರಲ್ಲಿ ಕೊಡುತ್ತಾರೆ?'

ನಾನು ಅದೊಂದನ್ನು ಖಾಲಿ ಬಿಟ್ಟೆ.

ಮುಂದಿನ ಶನಿವಾರ ಮೇಷ್ಟ್ರು ಕೆಲವು ಉತ್ತರ ಓದಿದರು. ಒಂದರಲ್ಲಿ ಹೀಗಿತ್ತು: 'ಹಿತ್ತಿಲ ಸೂರಿನಲ್ಲಿ ಒಂದು ನಗ್ಗಿದ ಸಿಲ್ವರ್ ಲೋಟ ಸಿಕ್ಕಿಸಿರುತ್ತಾರೆ. ನಾವೇ ತೆಗೆದುಕೊಳ್ಳಬೇಕು. ಅಜ್ಜಿ ಮೇಲಿಂದ ನೀರು ಹುಯ್ಯುತ್ತಾರೆ. ಕುಡಿದ ಮೇಲೆ ತೊಳೆದು ಅಲ್ಲೇ ಸಿಕ್ಕಿಸಬೇಕು.' ನನ್ನ ಕಿವಿ ಬಿಸಿಯಾಯಿತು. ಅದು ನಮ್ಮ ಮನೆ. ಆ ಅಜ್ಜಿ ನಮ್ಮ ಅವ್ವ. ಹಿಪ್ಪುನೇರಳೆ ಸೊಪ್ಪು ಕೀಳಲು ತಾಯಿಯ ಜೊತೆ ಬರುತ್ತಿದ್ದ ಹುಡುಗಿ ನನ್ನ ಹಿಂದಿನ ಬೆಂಚಿನ ಸಾಲಿನಲ್ಲೇ ಕೂತಿದ್ದಳು.

ಕ್ಲಾಸ್ ಮುಗಿದ ಮೇಲೆ ಕೇಳಿದೆ: "ಸಾರ್, ಹೆಸರು ಹಾಕಬೇಕು ಅಂತ ನೀವೇ ಹೇಳಿದ್ರಲ್ವಾ?"

"ಅವಳಿಗೆ ನಾಳೆ ಕೂಲಿ ತಪ್ಪುತ್ತೆ. ನಿನಗೇನು ತಪ್ಪುತ್ತೆ?" ಅಂದರು.

ಅವತ್ತು ಸಂಜೆ ಅವ್ವನ ಹತ್ತಿರ ಮಾತು ತೆಗೆದೆ. "ಇದೆಲ್ಲ ಮೊದಲಿಂದ ಇದ್ದದ್ದೇ, ನೀನು ಸುಮ್ನಿರು" ಅಂತ ತೆಲುಗಿನಲ್ಲಿ ಗದರಿದಳು. ನಾನು ಆ ಲೋಟದಲ್ಲೇ ನೀರು ಕುಡಿಯಲು ಶುರು ಮಾಡಿದೆ. ಎರಡು ದಿನ ಅವ್ವ ಮಾತು ಬಿಟ್ಟಳು. ಕಡಲೆಕಾಯಿ ಕೀಳುವ ಹೊತ್ತಿಗೆ ಸೂರು ಖಾಲಿಯಾಗಿತ್ತು. ಯಾರು ತೆಗೆದರು ಅಂತ ಅವ್ವ ಸಾಯುವವರೆಗೂ ಹೇಳಲಿಲ್ಲ.

ಈಗ ನಾನೂ ಬಿಡುವಾದಾಗ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕೂರುತ್ತೇನೆ. ನನ್ನ ಮಾತು ಅವರು ಕೇಳುತ್ತಾರೆ, ಪ್ರಶ್ನೆ ಮಾಡುತ್ತಾರೆ ಅನ್ನುವುದು ನನಗೆ ನಿಜವಾಗಿ ಹೆಮ್ಮೆ. ಆದರೆ ಮನಸ್ಸಿಗೆ ಬೇಜಾರೂ ಆಗುತ್ತದೆ. ಹಕ್ಕು ಅಂದರೆ ಈಗ ಎರಡು ಅಂಕದ ಪ್ರಶ್ನೆ. ಡಿಸೆಂಬರ್ 10ಕ್ಕೆ ಒಂದು ಪ್ರತಿಜ್ಞೆ, ಗ್ರೂಪಿಗೆ ಒಂದು ಫೋಟೊ. ಮೇಷ್ಟ್ರುಗಳನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಅಂಕಿಅಂಶ ತುಂಬುವುದರಲ್ಲೇ ದಿನ ಕಳೆಯುತ್ತದೆ. ಪೀಪಲ್ಸ್ ವಾಚ್ ಸಂಸ್ಥೆಗೂ ಕಷ್ಟದ ದಿನ ಬಂದವು. 2016ರಲ್ಲಿ ಟಿಫೇನ್ ಅವರಿಗೆ ಆಮ್ನೆಸ್ಟಿ ಎಂಬ ಅಂತರರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಯ ಜರ್ಮನಿ ಶಾಖೆ ಪ್ರಶಸ್ತಿ ಕೊಟ್ಟಿತು. ಅದೇ ವರ್ಷ ವಿದೇಶಿ ದೇಣಿಗೆ ಪಡೆಯುವ ಅನುಮತಿಯನ್ನು ಸರ್ಕಾರ ನವೀಕರಿಸಲಿಲ್ಲ. ಮೇಷ್ಟ್ರು ಫೋನಿನಲ್ಲಿ, "ಪುಸ್ತಕ ನನ್ನ ಹತ್ತಿರ ಇದೆಯಲ್ಲೋ" ಅಂದಿದ್ದರು. ರಿಟೈರ್ ಆದ ಮೇಲೂ ಮನೆ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು.

ಹನ್ನೊಂದನೇ ದಿನ ಅವರ ಮನೆಗೆ ಹೋಗಿದ್ದೆ. ಆ ಹುಡುಗಿಯೂ ಬಂದಿದ್ದಳು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮೇಷ್ಟ್ರ ಮನೆಯವರು ಒಂದು ಟ್ರಂಕ್ ತೆರೆದು ತೋರಿಸಿದರು. ನಮ್ಮ ಹಾಳೆಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದರು. ನನ್ನ ಅಕ್ಷರ ನನಗೆ ಸಿಕ್ಕಿತು. ಕೊನೆಯ ಪ್ರಶ್ನೆಯ ಮುಂದೆ ಖಾಲಿ ಜಾಗ, ಪಕ್ಕದಲ್ಲಿ ಮೇಷ್ಟ್ರು ಪೆನ್ಸಿಲ್‌ನಲ್ಲಿ ಇಟ್ಟ ಒಂದು ಚುಕ್ಕೆ. ಅವಳ ಹತ್ತಿರ ಪೆನ್ನು ಇಸಕೊಂಡೆ. 'ಸೂರಿನಲ್ಲಿದ್ದ ಸಿಲ್ವರ್ ಲೋಟದಲ್ಲಿ' ಅಂತ ಬರೆದು, ಕೆಳಗೆ ಹೆಸರು ಹಾಕಿದೆ.